ಬೆಲೆ ಹೇಳುವ ಕಿವಿ

ಹಳೆಯ ಸೈಕಲ್ಲಿಗೆ ಬೆಲೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ. ಇದು ಜಂಬವಲ್ಲ, ಜಂಬವಾದರೂ ನಿಜ. ಬಣ್ಣಕ್ಕೆ ಮರುಳಾಗುವವರು ಆಗಲಿ, ನಾನು ಫ್ರೇಮಿನ ಒಂದೊಂದು ಕೊಳವೆಯನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ಕೇಳುತ್ತೇನೆ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಒಡೆದ ಮಡಕೆಯ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ನಲವತ್ತು ವರ್ಷದಿಂದ ಇದೇ ಕೆಲಸ. ಜನ ನನ್ನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಾರೆ.

ಆ ಬೆಳಿಗ್ಗೆ ತಂಗಿಯ ಮಗಳು ಒಂದು ಮೌಂಟನ್ ಬೈಕ್ ತಳ್ಳಿಕೊಂಡು ಬಂದಳು. ಹಿಂದೆಯೇ ಅದರ ಮಾಲೀಕ, ಒಬ್ಬ ನಿವೃತ್ತ ಸರ್ವೇಯರ್. ಹುಡುಗಿಗೆ ಕಾಡು ಕಾಯುವ ಕೆಲಸ ಸಿಕ್ಕಿತ್ತು, ಗುಡ್ಡದ ದಾರಿಯನ್ನು ದಿನವೂ ಹತ್ತಿ ಇಳಿಯಬೇಕು. ಸೈಕಲ್ಲಿಗೆ ಮೂವತ್ತು ವರ್ಷ, ಪೂರಾ ಉಕ್ಕಿನದು. ಸರ್ವೇಯರ್ ಇಪ್ಪತ್ತೈದು ಸಾವಿರ ಎಂದು ಪಟ್ಟು ಹಿಡಿದಿದ್ದ. ಚೈನು ಎಳೆದು ನೋಡಿದೆ, ಸವೆದಿತ್ತು. ಹಿಂದಿನ ಗೇರಿನ ಹಲ್ಲುಗಳು ಚೂಪಾಗಿದ್ದವು. ಸೀಟಿನ ಕಂಬ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅದನ್ನು ಬಿಡಿಸುವುದೇ ಒಂದು ದಿನದ ಕೆಲಸ. ಆದರೆ ಚಕ್ರ ನೇರವಾಗಿತ್ತು, ಬ್ರೇಕು ಕಂಪನಿಯಿಂದ ಬಂದದ್ದೇ. ಕೊನೆಗೆ ಮೇಲಿನ ಕೊಳವೆ, ಕೆಳಗಿನ ಕೊಳವೆ, ಹ್ಯಾಂಡಲ್ ಬಳಿಯ ಬೆಸುಗೆ, ಎಲ್ಲವನ್ನೂ ತಟ್ಟಿದೆ. ಟಣ್, ಟಣ್, ಟಣ್. ಹದಿನೆಂಟು ಸಾವಿರ, ಹೆಚ್ಚು ಕೊಟ್ಟರೆ ಇವಳಿಗೆ ಮೋಸ, ಕಡಿಮೆ ಕೊಟ್ಟರೆ ನಿಮಗೆ ಮೋಸ ಎಂದೆ. ಸರ್ವೇಯರ್ ಗೊಣಗಿಕೊಂಡೇ ಒಪ್ಪಿದ. ಹುಡುಗಿ ಚೈನಿಗೆ ಎಣ್ಣೆ ಹಾಕಿಸಿಕೊಂಡು, ಗುಡ್ಡದ ತುದಿವರೆಗೆ ಹೋಗಿ ಒಂದೇ ಉಸಿರಿಗೆ ಇಳಿದು ಬರುತ್ತೇನೆ ಎಂದು ಹೊರಟಳು.

ಅಂಗಡಿಯ ಹಿಂದೆಯೇ ನಮ್ಮ ಮನೆ. ಅರ್ಧ ಗಂಟೆ ಕಳೆದಿರಬಹುದು, ಪಕ್ಕದ ಮನೆಗೆ ಹೋಗಿದ್ದ ಹೆಂಡತಿ ಮೂಗು ಮುಚ್ಚಿಕೊಂಡು ಓಡಿಬಂದಳು. ಕುಕ್ಕರ್ ಮೂರು ಸಲ ಕೂಗಿದ ಮೇಲೆ ಒಲೆ ಆರಿಸಿ ಎಂದು ಹೇಳಿ ಹೋಗಿದ್ದಳು. ಈಗ ಎಲ್ಲ ಸೀದು ಕರಕಲಾಗಿತ್ತು. ಅದು ಕೂಗಲೇ ಇಲ್ಲವಲ್ಲ ಎಂದು ನಾನೇ ರೇಗಿದೆ.

"ಹದಿನೈದು ಸಲ ಕೂಗಿದೆ ರೀ," ಎಂದಳು. "ಪಕ್ಕದ ಮನೇಲಿ ಕೂತು ಎಣಿಸಿದ್ದೀನಿ. ಈಗ ಆರಿಸ್ತಾರೆ, ಈಗ ಆರಿಸ್ತಾರೆ ಅಂತ."

ಅವಳು ಪಾತ್ರೆ ತಿಕ್ಕಲು ಹೋದಳು. ನಾನು ಜಗಳ ಮುಂದುವರಿಸಲಿಲ್ಲ, ಅವಳಿಗೆ ಅದೇ ಆಶ್ಚರ್ಯವಾಗಿರಬೇಕು. ಗೋಡೆಗೆ ಒರಗಿದ್ದ ಸೈಕಲ್ಲೊಂದನ್ನು ತಟ್ಟಿದೆ. ಟಣ್. ಸರಿಯಾಗಿಯೇ ಕೇಳಿಸಿತು. ಆಮೇಲೆ ಯಾಕೋ ಕಣ್ಣು ಮುಚ್ಚಿಕೊಂಡು ತಟ್ಟಿದೆ. ಬೆರಳು ಅದುರಿತು, ಕಿವಿಗೆ ಏನೂ ಬರಲಿಲ್ಲ. ಕಣ್ಣು ಬಿಟ್ಟು ತಟ್ಟಿದೆ, ಟಣ್. ಮುಚ್ಚಿ ತಟ್ಟಿದೆ, ಏನೂ ಇಲ್ಲ. ಹಾಗಾದರೆ ನಾನು ಇಷ್ಟು ದಿನ ಕೇಳುತ್ತಿದ್ದುದು ಉಕ್ಕಿನ ಸದ್ದಲ್ಲ, ನನ್ನ ನೆನಪಿನ ಸದ್ದು. ಮಾತು ಕೇಳಿಸುತ್ತಿತ್ತು, ಲಾರಿ ಕೇಳಿಸುತ್ತಿತ್ತು. ಚೂಪಾದ ದನಿಗಳು ಮಾತ್ರ ಯಾವಾಗ ಬಿಟ್ಟುಹೋದವೋ ನನಗೆ ಗೊತ್ತಾಗಿರಲಿಲ್ಲ. 

ಹುಡುಗಿ ಗುಡ್ಡದ ಮೇಲಿದ್ದಳು.

ಫೋನ್ ಮಾಡಿದೆ, ಎತ್ತಲಿಲ್ಲ. ಸ್ಪ್ಯಾನರನ್ನು ಜೇಬಿಗೆ ತುರುಕಿ ಸ್ಕೂಟರ್ ಹತ್ತಿದೆ. ಇಳಿಜಾರಿನಲ್ಲಿ ಹ್ಯಾಂಡಲ್ ಬಳಿಯ ಬೆಸುಗೆ ಬಿಟ್ಟುಕೊಂಡರೆ ಮುಂದಿನ ಚಕ್ರ ಒಂದು ಕಡೆ, ಅವಳು ಒಂದು ಕಡೆ. ತಂಗಿಗೆ ಯಾವ ಮುಖ ತೋರಿಸಲಿ? ಇಂಥ ಹೊತ್ತಿನಲ್ಲೂ ನನ್ನ ಹಾಳು ಬುದ್ಧಿ ಸುಳ್ಳು ಹುಡುಕುತ್ತಿತ್ತು. ನಟ್ಟು ಬಿಗಿಯುವುದು ಮರೆತಿದ್ದೆ ಎಂದರಾಯಿತು, ಕಿವಿಯ ಸಂಗತಿ ಯಾರಿಗೂ ತಿಳಿಯುವುದು ಬೇಡ. ಕಿವಿ ಕೇಳದ ಕಿವಿ ಮೇಸ್ತ್ರಿಯ ಅಂಗಡಿಗೆ ಯಾರು ಬರುತ್ತಾರೆ? ಹೆದರಿಕೆ ಎರಡು ಬಗೆಯದಿತ್ತು, ಎರಡನೆಯದಕ್ಕೆ ನಾಚಿಕೆಯಾಗುತ್ತಿತ್ತು.

ಮೂರನೇ ತಿರುವಿನಲ್ಲಿ ಅವಳು ನಗುತ್ತಾ ಇಳಿದು ಬರುತ್ತಿದ್ದಳು. ಸ್ಕೂಟರನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಎರಡೂ ಕೈ ಎತ್ತಿದೆ. ಬ್ರೇಕ್ ಹಿಡಿದಾಗಲೇ ಆ ಬೆಸುಗೆಯ ಮೇಲೆ ಹೆಚ್ಚು ಭಾರ ಬೀಳುತ್ತದೆ ಎಂದು ಕೈ ಎತ್ತಿದ ಮೇಲೆ ನೆನಪಾಯಿತು.  ಸೈಕಲ್ ಸರ್ರನೆ ಜಾರಿ ಎರಡು ಮಾರು ದೂರದಲ್ಲಿ ನಿಂತಿತು.

ಯಾಕೆ ಮಾವ ಎಂದು ಕೇಳಿದಳು. ನಟ್ಟು ಎನ್ನಲು ಬಾಯಿ ತೆರೆದೆ. ನಟ್ಟು ಬಿಗಿದುಕೊಟ್ಟರೆ ಮತ್ತೆ ಹತ್ತಿ ಹೋಗುತ್ತಾಳೆ. ಸುಳ್ಳು ಬಿಟ್ಟೆ. ಸ್ಪ್ಯಾನರನ್ನು ಅವಳ ಕೈಗಿಟ್ಟು, ನೀನೇ ತಟ್ಟಿ ನೀನೇ ಕೇಳಿ ಹೇಳು ಎಂದೆ. ಅವಳು ತಮಾಷೆಯೆಂದುಕೊಂಡು ತಟ್ಟಿದಳು. ಮೇಲಿನ ಕೊಳವೆ ಗಂಟೆಯ ಹಾಗಿದೆ ಎಂದಳು. ಸೀಟಿನ ಕೆಳಗೂ ಹಾಗೆಯೇ. ಹ್ಯಾಂಡಲ್ ಹತ್ತಿರ ಬಂದಾಗ ಮತ್ತೊಮ್ಮೆ ತಟ್ಟಿದಳು.

"ಮಾವ, ಇಲ್ಲಿ ಬೇರೆ ಥರ ಇದೆ. ಡಬ್ಬ ಬಡಿದ ಹಾಗೆ."

ಉಗುರಿನಿಂದ ಬಣ್ಣ ಕೆರೆದೆ. ಬೆಸುಗೆಯ ಅಂಚಿಗೆ ಕೂದಲೆಳೆಯಂಥ ಗೆರೆ, ಕೊಳವೆಯ ಅರ್ಧ ಸುತ್ತು ಹೋಗಿತ್ತು. ರಸ್ತೆಯ ಬದಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಆ ಗೆರೆಯ ಮೇಲೆ ಬೆರಳಾಡಿಸಿ ಕೇಳಿದಳು.

"ಈ ವರ್ಷ ಇನ್ನೆಷ್ಟು ಸೈಕಲ್ ನೋಡಿಕೊಟ್ಟಿದ್ದೀರಿ?"

ನಾನು ಅಷ್ಟು ದೂರ ಯೋಚಿಸಿಯೇ ಇರಲಿಲ್ಲ. ಮೇಷ್ಟರದು, ಬೇಕರಿಯವನ ಮಗಳದು, ಅಂಚೆಯವನದು. ಇಪ್ಪತ್ತಾದರೂ ಇರಬೇಕು. ಅಂಚೆಯವನು ದಿನವೂ ಇದೇ ಗುಡ್ಡ ಇಳಿಯುವವನು. ಅವಳು ನನ್ನ ಫೋನಿನಲ್ಲೇ ಅವನ ನಂಬರ್ ಹುಡುಕಿ ಒತ್ತಿ ನನ್ನ ಕೈಗೆ ಕೊಟ್ಟಳು, ನೀವೇ ಹೇಳಬೇಕು ಎಂದಳು. ಎತ್ತಿದ್ದು ಅವನ ಹೆಂಡತಿ. ಫೋನ್ ಮನೆಯಲ್ಲೇ ಬಿಟ್ಟು ಗುಡ್ಡದಾಚೆಗೆ ಟಪಾಲು ಹಂಚಲು ಹೋಗಿದ್ದಾರೆ, ಏನಾಗಬೇಕಿತ್ತು ಎಂದು ಕೇಳಿದಳು. ಅವನ ಸೈಕಲ್ ವಿಷಯ ಎಂದೆ.

"ಅದಕ್ಕೇನಾಗುತ್ತೆ ಬಿಡಿ," ಎಂದು ಆಕೆ ನಕ್ಕಳು. "ನೀವು ತಟ್ಟಿ ನೋಡಿ ಕೊಡಿಸಿದ್ದಲ್ವಾ."

"ತಟ್ಟಿದ್ದೆ ತಾಯಿ," ಎಂದೆ. "ನನಗೆ ಕೇಳಿಸಿರಲಿಲ್ಲ."