ಮೂವತ್ತನಾಲ್ಕನೆಯ ಕೋಳಿ

“ಲೇ ಭಾಡ್ಯಾ, ಕೋಳಿ ಸಾಲು ಆಕಡೆ, ಮಂದಿ ಸಾಲು ಈಕಡೆ ಅಂತ ಎಷ್ಟ ಸಲ ಹೇಳ್ಬೇಕು? ಹೋಗ್ಲಿ ಬಿಡು, ನಿಮಗ ಯಾವ ಸಾಲಾದ್ರೇನ!”

ಶಂಭುಲಿಂಗಪ್ಪಗೌಡರು ಬೈದದ್ದು ಕರಿಸಿದ್ದಪ್ಪನನ್ನು. ಅವನ ಎರಡೂ ಕಂಕುಳಲ್ಲಿ ಒಂದೊಂದು ಕೋಳಿ ಇದ್ದವು. ಯಾವ ಸಾಲಿಗೆ ನಿಂತರೂ ಅರ್ಧ ತಪ್ಪೇ ಆಗುತ್ತಿತ್ತು.

ಎಪ್ಪತ್ತೆಂಟನೆಯ ಇಸವಿ, ಹತ್ತಿ ಬಿಡಿಸುವ ದಿನಗಳು. ನಮ್ಮ ಕೇರಿಯ ಬೇವಿನ ಮರದ ಕೆಳಗೆ ಸಂಶೋಧನೆಯ ಜೀಪು ನಿಂತಿತ್ತು. ಡಾಕ್ಟರು ದೂರದ ಊರಿನವರು; ಕನ್ನಡವನ್ನು ಪುಸ್ತಕದಂತೆ ಮಾತನಾಡುತ್ತಿದ್ದರು. ಹಕ್ಕಿಗಳಿಗೂ ನಮ್ಮಂತೆ ನೆಗಡಿಜ್ವರ ಬರುತ್ತದೆ; ಅದು ಕೋಳಿಯಿಂದ ಮನುಷ್ಯನಿಗೆ ಬರುತ್ತದೆಯೋ, ಮನುಷ್ಯನಿಂದ ಕೋಳಿಗೆ ಹೋಗುತ್ತದೆಯೋ ನೋಡಬೇಕು; ಆದ್ದರಿಂದ ಕೋಳಿಯ ರಕ್ತವೂ ಬೇಕು, ಕೋಳಿಯ ಮಾಲಕರ ರಕ್ತವೂ ಬೇಕು ಎಂದು ವಿವರಿಸಿದರು. ಕೋಳಿಗೆ ರೆಕ್ಕೆಯ ಅಡಿಯಲ್ಲಿ ಸೂಜಿ, ನಮಗೆ ತೋಳಿನಲ್ಲಿ. ಬಳಿಕ ಹತ್ತಿ ಸುತ್ತಿದ ಕಡ್ಡಿ. ಕೋಳಿಗೆ ಹಿಂದುಗಡೆ, ನಮಗೆ ಗಂಟಲಿಗೆ.

“ಸಾಹೇಬ್ರ, ಕಡ್ಡಿ ಅದಲುಬದಲು ಆದೀತು, ಹುಷಾರ್ರಿ!” ಎಂದ ಕರಿಸಿದ್ದಪ್ಪ.

ನಗು ಅಲ್ಲಿಂದ ಹತ್ತಿಕೊಂಡಿತು. ಒಂದು ಹುಂಜ ಕೈತಪ್ಪಿ ಜೀಪಿನ ಚಕ್ರದ ಮೇಲೇರಿ ಕೂಗಿತು. ಅದನ್ನು ಹಿಡಿಯಲು ಹೋದ ಆರು ಮಂದಿ ಒಬ್ಬರ ಮೇಲೊಬ್ಬರು ಬಿದ್ದರು. ಮುಂಜಾನೆಯಿಂದ ಯಾರೂ ರೊಟ್ಟಿ ಮುರಿದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ ಹತ್ತೊಂಬತ್ತು ಜನರಿಗೂ ತಲೆ ತಿರುಗುತ್ತಿತ್ತು. ಸಣ್ಣದಕ್ಕೂ ನಗು ಬರುತ್ತಿತ್ತು.

ಗೌಡರು ನಗಲಿಲ್ಲ. ಅವರು ಡಾಕ್ಟರ ಪಕ್ಕದ ಕುರ್ಚಿಯಲ್ಲಿ, ಪುಕ್ಕ ತಾಗದಂತೆ ಧೋತರ ಎತ್ತಿಕೊಂಡು ಕುಳಿತಿದ್ದರು. ಅವರ ಮನೆತನದಲ್ಲಿ ಕೋಳಿ ನಿಷಿದ್ಧ. ಒಂದು ಪುಕ್ಕ ಹಾರಿಬಂದು ಅಂಗಳದಲ್ಲಿ ಬಿದ್ದರೂ ಮನೆಯೆಲ್ಲ ಸಾರಿಸುತ್ತಿದ್ದರು.

ಆದರೆ ಕೇರಿಯ ಹನ್ನೊಂದು ಮನೆಗಳ ಮೂವತ್ತನಾಲ್ಕು ಕೋಳಿಗಳೂ ಗೌಡರವೇ. ಇದಕ್ಕೆ ಪಾಲಿನ ಕೋಳಿ ಎನ್ನುತ್ತಾರೆ. ಕೋಳಿ ಅವರದು, ಸಾಕುವ ಕೈ ನಮ್ಮದು. ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಸಂಖ್ಯೆ ಬೆಸವಾದರೆ ಉಳಿದ ಒಂದು ಅವರಿಗೆ. ಸತ್ತ ಮರಿ ಮಾತ್ರ ಪೂರ್ತಿ ನಮ್ಮ ಪಾಲಿನದು. ಅವರ ಪಾಲು ಬುಟ್ಟಿ ತುಂಬಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಿತ್ತು; ನಮ್ಮ ಪಾಲು ದೊಡ್ಡದಾಗುವ ಮೊದಲೇ ಸಾಲಕ್ಕೆ, ಸಂತೆಗೆ ಹೋಗುತ್ತಿತ್ತು. ಕೇಳಿದವರಿಗೆ ಕೋಳಿ ನಮ್ಮವೆಂದೇ ಹೇಳಬೇಕಿತ್ತು, ಹೇಳುತ್ತ ಬಂದಿದ್ದೆವು. ಅಂದೂ ಹತ್ತೊಂಬತ್ತು ಜನ ಹಾಗೆಯೇ ಹೇಳಿ ತೋಳು ಕೊಟ್ಟಿದ್ದರು.

ಇಪ್ಪತ್ತನೆಯವಳು ಗುರವ್ವ. ಗಂಡ ಸತ್ತವಳು, ಮಾತು ಕಡಿಮೆ. ಅವಳ ಚುಕ್ಕಿ ಕೋಳಿ ಬುಟ್ಟಿಯಲ್ಲಿ ಹನ್ನೊಂದು ತತ್ತಿಗಳ ಮೇಲೆ ಕಾವಿಗೆ ಕುಳಿತು ಹದಿನೆಂಟು ದಿನವಾಗಿತ್ತು. ಇನ್ನು ಮೂರು ದಿನ. ಹನ್ನೊಂದರಲ್ಲಿ ಆರು ಗೌಡರಿಗೆ ಹೋದರೂ ಐದು ಅವಳಿಗೆ ಉಳಿಯುತ್ತಿದ್ದವು. ಪಾಲಿಲ್ಲದ, ಪೂರ್ತಿ ಅವಳವೇ ಆದ ಮೊದಲ ಕೋಳಿಗಳು.

ಚುಕ್ಕಿ ಕೋಳಿ ಡಾಕ್ಟರ ಮುಂದೆಯೇ ಸೀನಿತು.

“ಇದನ್ನು ಒಯ್ಯಬೇಕು,” ಎಂದರು ಡಾಕ್ಟರು. “ಕೊಯ್ದು ಪರೀಕ್ಷಿಸಬೇಕು. ಮಾಲಕರು ಒಪ್ಪಬೇಕು.”

“ಒಯ್ರಿ ಒಯ್ರಿ,” ಎಂದರು ಗೌಡರು. “ಕೇರಿ ಕೋಳಿಗೆ ಕೇಳೂದೇನೈತಿ?”

ಗುರವ್ವ ಬುಟ್ಟಿಯನ್ನು ಎದೆಗೆ ಅವಚಿಕೊಂಡಳು. “ಕಾವು ಆರಿದ್ರ ಹನ್ನೊಂದೂ ಸಾಯ್ತಾವ್ರಿ. ಗೌಡ್ರ, ಕೋಳಿ ಯಾರದ್ರಿ?”

“ನಿಂದಬೇ, ಮತ್ಯಾರದು?”

“ನಂದಾದ್ರ ನಾ ಕೊಡೂದಿಲ್ರಿ.”

ಗೌಡರ ಮುಖ ಕೆಂಪಾಯಿತು. “ಹಂಗಾದ್ರ ನಂದು ಅನಕೋ! ಒಯ್ರಿ ಸಾಹೇಬ್ರ.”

ಡಾಕ್ಟರು ಗುರವ್ವನ ಹೆಸರಿನ ಮೇಲೆ ಗೆರೆ ಎಳೆದು ಗೌಡರ ಹೆಸರು ಬರೆದರು. ಸೂಜಿ ಎತ್ತಿಕೊಂಡರು. “ನಿಮ್ಮದೇ? ತಿಳಿಯಲಿಲ್ಲ, ಕ್ಷಮಿಸಿ. ತೋಳು ಕೊಡಿ.”

“ಏ, ಏ! ಮಾತಿಗಂದೆ. ಅಕೀದು.”

ಡಾಕ್ಟರು ಮತ್ತೆ ಗೆರೆ ಎಳೆದರು.

“ಅಕೀದಾದ್ರ ಕೊಡೂದಿಲ್ಲಂತ್ರಿ,” ಎಂದ ಕರಿಸಿದ್ದಪ್ಪ, ಬಹಳ ವಿನಯದಿಂದ.

“ನೀ ಬಾಯಿ ಮುಚ್ಚಲೇ, ಸೂಳಿಮಗನ! ನಂದು!”

“ತೋಳು,” ಎಂದರು ಡಾಕ್ಟರು.

“ಅಕೀದು!”

ಮೂರು ಸುತ್ತು ಹೀಗೆ ನಡೆಯಿತು. ಕಾಗದದಲ್ಲಿ ಜಾಗ ತೀರಿತು. ಸಾಲಿನಲ್ಲಿದ್ದ ನಮ್ಮ ಕೇರಿಯ ಖಾಸಿಂಬಿ ನಕ್ಕು ನಕ್ಕು ನೆಲಕ್ಕೆ ಕುಳಿತಳು. ಗುರವ್ವ ಮಾತ್ರ ಬುಟ್ಟಿ ಬಿಡಲಿಲ್ಲ, ನಗಲೂ ಇಲ್ಲ.

ಗೌಡರು ಕುರ್ಚಿ ಒದ್ದು ಎದ್ದರು. “ರಂಡಿ, ನಾ ಕೊಟ್ಟ ಕೋಳಿಗೆ ನನಗ ಲೆಕ್ಕಾ ಕೇಳ್ತಿ? ಇವತ್ತಿಂದ ಯಾರೂ ನನ್ನ ಕೋಳಿ ಸಾಕೂದ ಬ್ಯಾಡ! ಮೂವತ್ತನಾಲ್ಕೂ ತಂದು ನನ್ನ ಮನ್ಯಾಗ ಒಗೀರಿ!”

ಅಷ್ಟು ಹೇಳಿ ಬಿರಬಿರನೆ ಮನೆಗೆ ನಡೆದರು.

ಡಾಕ್ಟರು ಬರೆದುಕೊಂಡರು: ಕೋಳಿ ಮೂವತ್ತನಾಲ್ಕು, ಮಾಲಕ ಒಬ್ಬ.

“ಧಣೀ ಹುಕುಂ ಆತಲ್ಲ,” ಎಂದಳು ಗುರವ್ವ. “ನಡೀರಿ, ಹೋಗೂಣು.”

ನಾಳೆಯಿಂದ ಗೌಡರ ಹತ್ತಿ ಹೊಲದಲ್ಲಿ ನಮಗೆ ಕೆಲಸವಿರುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ನಡೆದೆವು. ಕಂಕುಳಲ್ಲಿ, ತಲೆಯ ಮೇಲೆ, ಸೆರಗಿನಲ್ಲಿ ಕೋಳಿ. ಹಿಂದೆ ಐಸಿನ ಪೆಟ್ಟಿಗೆ ಹಿಡಿದ ಡಾಕ್ಟರು. ತಲೆ ತಿರುಗಿ ಇಬ್ಬರು ಬಿದ್ದರು, ನಗುತ್ತಲೇ ಎದ್ದರು. ಊರು ಬಾಗಿಲಿಗೆ ಬಂದು ನೋಡಿತು.

ಗೌಡರ ಅಂಗಳದ ಆಚೆಗೆ ನಮಗೆ ಪ್ರವೇಶವಿಲ್ಲ. ನಾವು ಅಂಗಳದಲ್ಲೇ ನಿಂತು ಕೈ ಬಿಟ್ಟೆವು. ಕೋಳಿಗಳು ನಿಲ್ಲಲಿಲ್ಲ. ಮೂವತ್ತಮೂರೂ ಹೊಸ್ತಿಲು ದಾಟಿದವು. ಒಂದು ತೂಗುಮಣೆಯೇರಿತು, ಎರಡು ಅಡುಗೆಮನೆ ಹೊಕ್ಕವು. ಹುಂಜ ದೇವರಕೋಣೆಯಿಂದ ಕೂಗಿತು. ಒಳಗಿನ ಹೆಂಗಸರು ಚೀರಿದರು. ಗೌಡರು ಪಡಸಾಲೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು.

ಮೂವತ್ತನಾಲ್ಕನೆಯದನ್ನು ಗುರವ್ವ ಅಂಗಳದಲ್ಲಿ ಇಳಿಸಲಿಲ್ಲ. ಬುಟ್ಟಿ ಹಿಡಿದು ಹೊಸ್ತಿಲಿನ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ ದಾಟಿದಳು. ನಮ್ಮ ನಗು ಅಲ್ಲಿಗೆ ನಿಂತಿತು. ಗೌಡರು ಕುಳಿತುಕೊಳ್ಳುವ ಗಾದಿಯ ನಡುವೆ ಬುಟ್ಟಿ ಇಟ್ಟಳು. ಕೋಳಿ ಪುಕ್ಕ ಕೊಡವಿ, ತತ್ತಿಗಳನ್ನು ಎದೆಯಡಿ ಸರಿಸಿಕೊಂಡು, ಕಣ್ಣು ಅರೆಮುಚ್ಚಿತು.

“ಮೂರು ದಿನ ಎಬ್ಬಸಬ್ಯಾಡ್ರಿ,” ಎಂದಳು.

ಡಾಕ್ಟರು ಸೂಜಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಗುರವ್ವ ತನ್ನ ತೋಳನ್ನು ಸೆರಗಿನಿಂದ ಮುಚ್ಚಿಕೊಂಡಳು, ಗೌಡರ ತೋಳಿನ ಕಡೆ ನೋಡಿದಳು.

“ಗೌಡ್ರ, ಕೋಳಿ ಸಾಲಿಗೆ ನಿಂದರ್ತೀರೋ, ಮಂದಿ ಸಾಲಿಗೋ?”