ಓಡುವಷ್ಟು ಹೊತ್ತು ತಂಪು

ಮಗಳು ಆಸ್ಪತ್ರೆಯ ಹಾಸಿಗೆಯಿಂದಲೇ ಷರತ್ತು ಹಾಕಿದಳು: ಎ.ಸಿ. ಕೆಲಸ ಮಾಡಿದರೆ ಅಪ್ಪನ ಕಾರು, ಇಲ್ಲದಿದ್ದರೆ ಟ್ಯಾಕ್ಸಿ. ಹಸಿ ಬಾಣಂತಿಯ ತೀರ್ಪಿಗೆ ಮೇಲ್ಮನವಿ ಇರುವುದಿಲ್ಲ.

"ಬೇಜಾರು ಮಾಡ್ಕೋಬೇಡಪ್ಪಾ. ಹೋದ ತಿಂಗಳು ಆ ಕಾರಲ್ಲಿ ಡಾಕ್ಟರ್ ಹತ್ರ ಬಂದಾಗ ನಾನು ಬೆಂದೇ ಹೋಗಿದ್ದೆ. ನನ್ನನ್ನ ಬೇಯಿಸು, ಪರವಾಗಿಲ್ಲ. ಪಾಪೂನ ಬೇಯಿಸ್ಬೇಡ."

ಅಪ್ಪ ನಿವೃತ್ತ ಸಿಟಿ ಬಸ್ ಡ್ರೈವರ್. ಬೀದಿಯವರಿಗೆ ಇವತ್ತಿಗೂ ಅವರು ಬರೀ 'ಡ್ರೈವರು'. ಈ ಮಗಳು ಹುಟ್ಟಿದ ವಾರ ಡಿಪೋದಲ್ಲಿ ಬದಲಿ ಆಳಿಲ್ಲದೆ ರಜೆ ಸಿಕ್ಕಿರಲಿಲ್ಲ. ಅವಳನ್ನು ಮನೆಗೆ ಕರೆತಂದದ್ದು ಪಕ್ಕದ ಮನೆಯ ಟೈಲರ್. ಹೆಂಡತಿ ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಒಂದು ಜಗಳದಲ್ಲಿ ತೀರಿಹೋಗುತ್ತಿತ್ತು. ಆಡದ ಮಾತು ಡ್ರೈವರ ಎದೆಯಲ್ಲಿ ಕಲ್ಲಿನ ಹಾಗೆ ಕೂತುಬಿಟ್ಟಿತ್ತು. ಮೊಮ್ಮಗಳನ್ನಾದರೂ ತಾನೇ, ತನ್ನ ಕಾರಲ್ಲೇ ತರಬೇಕು. ಆಸ್ಪತ್ರೆಯವರು ನಾಳೆ ಬೆಳಿಗ್ಗೆ ಬಿಡುತ್ತಾರೆ.

ಹಾಗಾಗಿ ಫ್ರಿಜ್ಜಣ್ಣನಿಗೆ ಕರೆ ಹೋಯಿತು. ಫ್ರಿಜ್ಜಣ್ಣ ಎಂದರೆ ಡ್ರೈವರ ಹಳೆಯ ಗೆಳೆಯ, ಊರಿನ ಅರ್ಧ ಫ್ರಿಜ್ಜುಗಳ ಬೆನ್ನು ಬಿಚ್ಚಿದವನು. ಕಾರಿನ ಎ.ಸಿ.ಯನ್ನು ಮುಟ್ಟಿದವನಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತು ಅವನ ವಂಶದಲ್ಲೇ ಇರಲಿಲ್ಲ.

"ಕಾರು ಅಂದ್ರೆ ಏನಯ್ಯಾ? ಚಕ್ರ ಇರೋ ಫ್ರಿಜ್ಜು," ಎಂದ.

"ರೀ," ಎಂದಳು ಡ್ರೈವರ ಹೆಂಡತಿ ಅಡುಗೆಮನೆಯ ಕಿಟಕಿಯಿಂದ, "ಅದರಲ್ಲಿ ಕೂರೋದು ನನ್ನ ಮೊಮ್ಮಗಳು, ಸೊಪ್ಪಿನ ಕಟ್ಟಲ್ಲ ಅಂತ ಹೇಳಿ ನಿಮ್ಮ ಸ್ನೇಹಿತರಿಗೆ."

ಕಾರಿನ ಸ್ವಭಾವವೇ ತಿರುಗುಮುರುಗು. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಮೈ ನಡುಗಿಸುವ ಗಾಳಿ, ಬೇಸಿಗೆಯಲ್ಲಿ ಎ.ಸಿ. ಹಾಕಿದರೆ ಒಲೆಯ ಮುಂದೆ ಕೂತ ಸುಖ. ಫ್ರಿಜ್ಜಣ್ಣ ಮೊದಲು ಹೀಟರನ್ನೇ ಹಿಡಿದ. ಇಂಜಿನ್ನಿನ ಬಿಸಿನೀರನ್ನು ಒಳಗೆ ತರುವ ಪೈಪಿಗೆ ಒಂದು ನಲ್ಲಿ ಇರುತ್ತದೆ. ಅದರ ತಂತಿ ಸಡಿಲವಾಗಿ, ನಲ್ಲಿ ತೆರೆಯಬೇಕಾದಾಗ ಪೂರ್ತಿ ತೆರೆಯದೆ, ಮುಚ್ಚಬೇಕಾದಾಗ ಪೂರ್ತಿ ಮುಚ್ಚದೆ, ಅಡ್ಡಗೋಡೆಯ ಮೇಲಿನ ದೀಪದ ಹಾಗಿತ್ತು. ಇಕ್ಕಳದಿಂದ ಎಳೆದು ಮುಚ್ಚಿ ಬಿಗಿದ. ಬೇಯಿಸುವ ಗಾಳಿ ಬರೀ ಬಿಸಿ ಗಾಳಿಯಾಯಿತು.

ಆಮೇಲೆ ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ ಹಿಂದಿನ ಫಿಲ್ಟರ್ ಎಳೆದರು. ಧೂಳು, ಒಣಗಿದೆಲೆ, ಜೊತೆಗೆ ಅಚ್ಚುಕಟ್ಟಾದ ಒಂದು ಇಲಿಯ ಗೂಡು.

"ಬೆಟ್ಟ ಅಗೆದು ಇಲಿ ಹಿಡಿದ್ರು," ಎಂದಿತು ಅಡುಗೆಮನೆ.

"ಇಲಿ ಇಲ್ಲ ಕಣಮ್ಮ, ಬರೀ ಮನೆ," ಎಂದ ಫ್ರಿಜ್ಜಣ್ಣ. "ಸೆಖೆ ತಡೀಲಾರದೆ ಖಾಲಿ ಮಾಡಿದೆ."

ಗಾಳಿಯ ರಭಸ ಹೆಚ್ಚಾಯಿತು, ತಂಪು ಹೆಚ್ಚಲಿಲ್ಲ. ಸ್ವಿಚ್ ಒತ್ತಿದಾಗ ಕಂಪ್ರೆಸರ್ 'ಟಕ್' ಎಂದು ಹಿಡಿಯುತ್ತಿತ್ತು. ಒಳಹೋಗುವ ಪೈಪು ಒಂದು ಕ್ಷಣ ತಣ್ಣಗಾಗಿ ಮತ್ತೆ ಬೆಚ್ಚಗಾಗುತ್ತಿತ್ತು, ಅಂದರೆ ಗ್ಯಾಸ್ ಇದೆ. ಫ್ರಿಜ್ಜಣ್ಣ ಕಾರಿನ ಮೂಗಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ದಿಟ್ಟಿಸಿದ, ಹೆಣ್ಣು ನೋಡಲು ಬಂದವನ ಹಾಗೆ. ಮುಂದಿನ ಜಾಲರಿಗೆ ಗಾಳಿ ಬೀಸಬೇಕಾದ ಎ.ಸಿ.ಯ ಫ್ಯಾನು ತಿರುಗುತ್ತಲೇ ಇರಲಿಲ್ಲ. ಪೊರಕೆಕಡ್ಡಿಯಿಂದ ತಿವಿದರೂ ಅಲ್ಲಾಡಲಿಲ್ಲ. ಒಂದು ಚೊಂಬು ನೀರು ತಂದು ಜಾಲರಿಗೆ ಎರಚಿದ. ಒಳಗೆ ಕೂತಿದ್ದ ಡ್ರೈವರು "ಬಂತು! ಬಂತು!" ಎಂದು ಕೂಗಿದರು. ನೀರು ಆರಿದ ಮೇಲೆ "ಹೋಯ್ತು" ಎಂದರು.

ಬಿಡಿಭಾಗದ ಅಂಗಡಿಯವನು ಫೋನಿನಲ್ಲಿ, ಆ ಮಾಡೆಲ್ಲಿನ ಫ್ಯಾನು ಹೊರಗಿನಿಂದ ಬರಬೇಕು, ವಾರ ಹಿಡಿಯುತ್ತದೆ, ಅದರ ಬದಲು ಇಡೀ ಎ.ಸಿ.ಯನ್ನೇ ಹೊಸದಾಗಿ ಕೂರಿಸಿಬಿಡಿ ಎಂದ. ಮೂಗಿಗಿಂತ ಮೂಗುತಿ ಭಾರ.

"ಒಂದು ದಾರಿ ಇದೆ," ಎಂದಳು ಹೆಂಡತಿ, ಈಗ ಅಂಗಳಕ್ಕೇ ಬಂದು. "ನಿಮ್ಮ ಸ್ನೇಹಿತರು ಬಾನೆಟ್ ಮೇಲೆ ಕೂತು ದಾರಿಯುದ್ದಕ್ಕೂ ನೀರು ಹುಯ್ಯಲಿ."

ಫ್ರಿಜ್ಜಣ್ಣ ನಗಲಿಲ್ಲ. ನೀರು ಮಾಡುವ ಕೆಲಸವನ್ನೇ ಗಾಳಿಯೂ ಮಾಡುತ್ತದೆ. ಕಾರು ಓಡಿದರೆ ಎದುರುಗಾಳಿ ತಾನಾಗಿ ಜಾಲರಿಗೆ ಬಡಿಯುತ್ತದೆ. "ಫ್ಯಾನು ಬೇಕಾಗೋದು ನಿಂತಾಗ ಮಾತ್ರ. ಅಲ್ಲಯ್ಯಾ, ನೀನು ನಿಲ್ಲದಿದ್ರೆ?"

ಡ್ರೈವರ ಮುಖ ಅರಳಿತು. ಊರಿನ ರಸ್ತೆಗಳು ಅವರಿಗೆ ಅಂಗೈಗೆರೆ. ಸಿಗ್ನಲ್ಲಿಲ್ಲದ ದಾರಿಯನ್ನು ನಿಂತಲ್ಲೇ ಹೇಳಿದರು: ಆಸ್ಪತ್ರೆಯ ಹಿಂದಿನ ಗೇಟು, ಗೋದಾಮಿನ ರಸ್ತೆ, ನೀರಿನ ಟ್ಯಾಂಕು, ಸ್ಮಶಾನದ ಗೋಡೆ, ಶಾಲೆ, ಮನೆ.

"ಹುಟ್ಟಿದ ಮಗೂನ ಸ್ಮಶಾನ ತೋರಿಸ್ಕೊಂಡು ಕರ್ಕೊಂಡ್ ಬರ್ತೀರಾ?"

"ಅಲ್ಲಿ ಟ್ರಾಫಿಕ್ ಇಲ್ಲ ಕಣೇ."

"ಅಲ್ಲಿರೋರಿಗೆ ಅವಸರ ಇಲ್ಲವಲ್ಲ," ಎಂದ ಫ್ರಿಜ್ಜಣ್ಣ.

ಸಂಜೆ ತಾಲೀಮು ನಡೆಯಿತು. ಹೆಂಡತಿ ಟವೆಲ್ಲಿನಲ್ಲಿ ಸುತ್ತಿದ ದಿಂಬನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಆಸ್ಪತ್ರೆಯ ಹಿಂದಿನ ಗೇಟಿನಿಂದ ಕಾರು ಹೊರಟಿತು, ತಂಪು ಹರಿಯಿತು. ಗೋದಾಮಿನ ಎದುರು ಕಾರು ನಯವಾಗಿ ಎಡಕ್ಕೆ ಸರಿದು ನಿಂತಿತು.

"ಯಾಕ್ರೀ?"

ಡ್ರೈವರು ತಮ್ಮ ಪಾದವನ್ನೇ ನೋಡಿಕೊಂಡರು. ಪಕ್ಕದಲ್ಲಿ ಬಸ್ ಸ್ಟಾಪಿತ್ತು. ಟ್ಯಾಂಕಿನ ಹತ್ತಿರವೂ ಹಾಗೇ ಆಯಿತು, ಸ್ಮಶಾನದ ಹತ್ತಿರವೂ. ಜೀವಮಾನವೆಲ್ಲ ಸ್ಟಾಪು ಕಂಡಲ್ಲಿ ನಿಂತ ಕಾಲು ಯಜಮಾನನನ್ನು ಕೇಳಿ ಬ್ರೇಕ್ ಒತ್ತುವುದಿಲ್ಲ. ಕೊನೆಗೆ ಹೆಂಡತಿ ಕಂಡಕ್ಟರಾದಳು. ಸ್ಟಾಪು ಬರುವ ಮೊದಲೇ "ರೈಟ್, ರೈಟ್" ಅನ್ನುವುದು. ಕಾಲಿಗೆ ಆ ಭಾಷೆ ಅರ್ಥವಾಯಿತು. ನಿಂತರೆ ಮಾತ್ರ ಬಿಸಿ ಎಂಬ ಗುಟ್ಟನ್ನು ಮಗಳಿಗೆ ಹೇಳುವುದು ಬೇಡವೆಂದು ಮೂವರೂ ಒಪ್ಪಿದರು. ಹೇಳಿದರೆ ಟ್ಯಾಕ್ಸಿ ಖಚಿತ.

ಮರುದಿನ ಅಳಿಯ ಮುಂದೆ ಕೂತ. ಹಿಂದೆ ಮಗಳು, ಮಡಿಲಲ್ಲಿ ಮಗು, ಪಕ್ಕದಲ್ಲಿ ಅಜ್ಜಿ. ಗೇಟು ದಾಟುತ್ತಿದ್ದಂತೆ ಮಗಳು ಕೈಯನ್ನು ಗಾಳಿಗೆ ಹಿಡಿದು, "ಅರೆ, ನಿಜವಾಗ್ಲೂ ತಂಪಾಗಿದೆಯಪ್ಪಾ!" ಎಂದಳು.

"ಮತ್ತೆ?" ಎಂದರು ಡ್ರೈವರು, ಇಲಿಗೂಡಿನ ಸುದ್ದಿ ಎತ್ತದೆ.

ಗೋದಾಮು ಬಂತು. "ರೈಟ್," ಎಂದು ಅಜ್ಜಿ ಕೆಮ್ಮಿನೊಳಗೆ ಸೇರಿಸಿ ಹೇಳಿದಳು.

"ಏನಮ್ಮಾ?"

"ಗಂಟಲು."

ಟ್ಯಾಂಕು, ಸ್ಮಶಾನ ಎರಡೂ ಕೆಮ್ಮಿನಲ್ಲೇ ಕಳೆದವು. ಬಾಣಂತಿಯ ಪಕ್ಕ ಕೂತು ಹೀಗೆ ಕೆಮ್ಮುತ್ತಾರೆಯೇ ಎಂದು ಅಳಿಯ ತಿರುಗಿ ತಿರುಗಿ ನೋಡುತ್ತಿದ್ದ. ಶಾಲೆಯ ತಿರುವಿನಲ್ಲಿ ಮಗು ಕಣ್ಣು ಬಿಟ್ಟು, ನೇರ ಅಜ್ಜಿಯನ್ನೇ ನೋಡಿತು. ಅಜ್ಜಿಗೆ ಲೋಕವೇ ಮರೆತುಹೋಯಿತು. ಕಾರು ನಯವಾಗಿ ಎಡಕ್ಕೆ ಸರಿದು, ಸ್ಟಾಪಿನ ಗೆರೆಯ ಮೇಲೆ ಒಂದಂಗುಲ ಆಚೀಚೆಯಾಗದೆ ನಿಂತಿತು.

ಚೀಲ ಹಿಡಿದ ಮುದುಕಿಯೊಬ್ಬಳು ಕಿಟಕಿಗೆ ಬಗ್ಗಿ, "ಮಾರ್ಕೆಟ್ಟಿಗೆ ಹೋಗುತ್ತಾ?" ಎಂದಳು.

"ಇಲ್ಲಮ್ಮ, ಹಿಂದೆ ಬರ್ತಿದೆ," ಎಂದುಬಿಟ್ಟರು ಡ್ರೈವರು.

ಅಷ್ಟರಲ್ಲಿ ಗಾಳಿ ಬೆಚ್ಚಗಾಗಿತ್ತು. ಮಗು ಮುಖ ಕಿವುಚಿ, ಗಂಟಲು ಬಿಟ್ಟು ಅಳತೊಡಗಿತು.

"ಅಪ್ಪಾ, ಬಿಸಿ ಬರ್ತಿದೆ."

ಡ್ರೈವರು ಕನ್ನಡಿಯಲ್ಲಿ ಮಗಳನ್ನು ನೋಡಿದರು. ಸುಳ್ಳು ಹೇಳುವುದಕ್ಕೆ ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಿದ್ದ, ಅವರಿಗೆ ಅಭ್ಯಾಸವಿರಲಿಲ್ಲ. "ನಿಂತ್ರೆ ಬಿಸಿ ಕಣಮ್ಮ. ಓಡಿದ್ರೆ ತಂಪು. ಫ್ಯಾನ್ ಹೋಗಿದೆ. ನಿಲ್ಲದೆ ಕರ್ಕೊಂಡ್ ಹೋಗೋಣ ಅಂತಿದ್ದೆ. ಕಾಲು ಕೇಳ್ಲಿಲ್ಲ."

ಅಳಿಯ ಮೆತ್ತಗೆ ಫೋನು ತೆಗೆದ. "ಮಾವ, ತಪ್ಪು ತಿಳೀಬೇಡಿ. ಟ್ಯಾಕ್ಸಿ ಎರಡು ನಿಮಿಷದಲ್ಲಿ ಬರುತ್ತೆ."

ಸ್ಟೇರಿಂಗಿನ ಮೇಲಿದ್ದ ಡ್ರೈವರ ಕೈ ಸಡಿಲವಾಯಿತು. ಮಗಳು ಅಪ್ಪನ ಬೆನ್ನನ್ನು, ಇಸ್ತ್ರಿ ಮಾಡಿದ ಅಂಗಿಯನ್ನು, ಕಾಲರಿನ ಸುತ್ತ ಒದ್ದೆಯಾದ ಬೆವರನ್ನು ನೋಡಿದಳು.

"ಎರಡು ನಿಮಿಷ ಈ ಬಿಸೀಲಿ ಯಾರು ಕೂರ್ತಾರೆ?" ಎಂದಳು ಗಂಡನಿಗೆ. "ಫೋನ್ ಒಳಗಿಡಿ. ಅಪ್ಪಾ, ನಡಿ."

ಕಾರು ಹೊರಟಿತು. ತಂಪು ಬರುವ ಮೊದಲೇ ಅಳು ಸಣ್ಣದಾಯಿತು. ಅದಕ್ಕೆ ಬೇಕಿದ್ದದ್ದು ತಂಪಲ್ಲ, ತೂಗಾಟ. ಮುಂದಿನ ರಸ್ತೆ ಮುಗಿಯುವುದರೊಳಗೆ ಮಗು ಮಲಗಿತು. ಅದರ ಹಿಂದೆಯೇ ಮಗಳ ತಲೆಯೂ ಅಮ್ಮನ ಹೆಗಲಿಗೆ ಒರಗಿತು. ಹೆರಿಗೆಯಾದಾಗಿನಿಂದ ಅವಳು ಹೀಗೆ ನಿದ್ದೆ ಹೋಗಿರಲಿಲ್ಲ. ಅಳಿಯನೂ ಬಾಯಿ ತೆರೆದು ತೂಕಡಿಸುತ್ತಿದ್ದ.

ಮನೆ ಬಂತು. ಫ್ರಿಜ್ಜಣ್ಣ ಒಗೆದ ಬಟ್ಟೆ ಹಾಕಿಕೊಂಡು, ಗೇಟಿನ ಎರಡೂ ಬಾಗಿಲು ತೆರೆದು ಕೈ ಎತ್ತಿ ನಗುತ್ತ ನಿಂತಿದ್ದ. ಕಾರು ವೇಗ ತಗ್ಗಿಸದೆ ಅವನ ಮುಂದೆಯೇ ಹಾದುಹೋಯಿತು. ಅವನ ನಗು ಮುಖದಲ್ಲೇ ಉಳಿಯಿತು, ಕೈ ಮಾತ್ರ ಕೆಳಗಿಳಿಯಿತು.

"ರೀ," ಎಂದು ಹೆಂಡತಿ ಪಿಸುಗುಟ್ಟಿದಳು, "ಮನೆ ಹೋಯ್ತು."

"ಎಲ್ಲಿಗೆ ಹೋಗುತ್ತೆ? ಅಲ್ಲೇ ಇರುತ್ತೆ," ಎಂದು ಪಿಸುಗುಟ್ಟಿದರು ಡ್ರೈವರು. ಕಾರನ್ನು ಮತ್ತೆ ಗೋದಾಮಿನ ರಸ್ತೆಗೆ ತಿರುಗಿಸಿದರು.