ಪೂಜೆ ಮುಗಿಯದ ಬೆಳಿಗ್ಗೆ

ನಾನು ಹುಟ್ಟಾ ಬಾಯಿಬಡುಕಿ. ನಲ್ಲೂರಿನಲ್ಲಿ ಈ ಕಸ್ತೂರಮ್ಮನ ಬಾಯಿಗೆ ಬಸ್ ಕಂಡಕ್ಟರೂ ಹೆದರುತ್ತಿದ್ದ. ಅಂಥವಳು ಚನ್ನಗಿರಿ ಹೊರಗಿನ ವೃದ್ಧಾಶ್ರಮಕ್ಕೆ ಬಂದಮೇಲೆ ಬೆಕ್ಕು ಕಂಡ ಇಲಿಯಾಗಿದ್ದೆ. ಸೊಂಟ ಮುರಿದಾಗ ಮಗ ವಿನಯ್ ಕುಮಾರನನ್ನು ಒಪ್ಪಿಸಿ ಅಲ್ಲಿಗೆ ಹೋದವಳು ನಾನೇ. ಅವನನ್ನು ದೂರುವಂತಿಲ್ಲ.

ಭಯವೆಲ್ಲ ಮಾಲತೇಶನದು. ಅಲ್ಲಿನ ಮೇಲ್ವಿಚಾರಕ. ಹಣೆ ತುಂಬ ವಿಭೂತಿ, ಬಾಯಿ ತುಂಬ "ಅಮ್ಮಾ". ನೋಡಲು ಬಂದವರು ಗೇಟು ದಾಟಿ ಹೋದರೆ ಬೇರೆಯೇ ಮನುಷ್ಯ. ಪಕ್ಕದ ಮಂಚದ ಅಜ್ಜಮ್ಮ ಪದೇ ಪದೇ ಕಕ್ಕಸಿಗೆ ಕರೆದಳೆಂದು ಅವಳ ಕೈಗಳನ್ನು ಸೀರೆಯ ಹರಕಿನಿಂದ ಮಂಚಕ್ಕೆ ಕಟ್ಟಿಸಿದ. ಕುಡಿದರೆ ಮತ್ತೆ ಕರೆಯುತ್ತಾಳೆಂದು ನೀರನ್ನೂ ಕಡಿಮೆ ಮಾಡಿಸಿದ. ಮೊದಮೊದಲು ಕೂಗಿಕೊಳ್ಳುತ್ತಿದ್ದಳು. ಆಮೇಲೆ ತುಟಿ ಒಡೆದು ಸುಮ್ಮನಾಗಿಬಿಟ್ಟಳು. ಹೀಗೇ ಆದರೆ ಅವಳು ಉಳಿಯುವುದಿಲ್ಲವೆಂದು ನನಗೆ ಗೊತ್ತಾಗಿತ್ತು.

ಮಗನಿಗೆ ಹೇಳುತ್ತೇನೆ, ದೂರು ಕೊಡಿಸುತ್ತೇನೆ ಎಂದಾಗ ಮಾಲತೇಶ ನಕ್ಕ. "ಕೊಡ್ರಿ ಅಮ್ಮಾ, ಕೊಡ್ರಿ. ವಯಸ್ಸಾದೋರ ಕಾನೂನು ಐತಲ್ಲ, ಅದು ಮೊದ್ಲು ಹಿಡಿಯೋದು ಮಗನ್ನೇ. ಹೆತ್ತೋಳ್ನ ಇಲ್ಲಿ ಬಿಟ್ಟೋನು ಯಾರು?"

ನಂಬಿದೆ. ನಂಬದೆ ಏನು ಮಾಡಲಿ? ತ್ಯಾವಣಿಗೆಯ ಷಣ್ಮುಖಪ್ಪ ಅನ್ನ ಹಾಕದ ಮಕ್ಕಳನ್ನು ಎ.ಸಿ. ಸಾಹೇಬರ ಕಚೇರಿಗೆ ಎಳೆದದ್ದು ಊರಿಗೆಲ್ಲ ಗೊತ್ತು. ನಮ್ಮ ಕಡೆ ಆ ಕಾನೂನೆಂದರೆ ಮಕ್ಕಳ ಮೇಲಿನ ಕೇಸು, ಅಷ್ಟೇ.

ಒಂದು ಬೆಳಿಗ್ಗೆ ತಪಾಸಣೆಗೆ ಅಧಿಕಾರಿ ಬಂದರು, ಮೇಘಶ್ರೀ ಎಂಬ ಹೆಣ್ಣುಮಗಳು. ಅವರು ಬರುವ ಮುಂಚೆ ಮಾಲತೇಶ ಅಜ್ಜಮ್ಮನಿಗೆ ಕತ್ತಿನವರೆಗೆ ಕಂಬಳಿ ಹೊದಿಸಿದ, ಜ್ವರವೆಂದು ಹೇಳಲು. ನನ್ನ ಕಿವಿಯ ಹತ್ತಿರ ಬಗ್ಗಿ, "ಹರಕು ಸೀರೆ ಇನ್ನೂ ಐತೆ" ಎಂದ.

"ಹೆಂಗಿದೀರಮ್ಮ?" ಎಂದರು ಮೇಘಶ್ರೀ. ಅವರ ಬೆನ್ನ ಹಿಂದೆಯೇ ಮಾಲತೇಶ ನಿಂತಿದ್ದ.

"ಚೆನ್ನಾಗಿದೀನ್ರೀ" ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವರು ಮುಂದಿನ ಕೋಣೆಗೆ ಹೊರಟರು. ಹೆದರಿಕೆಯಲ್ಲಿ ನನ್ನ ಕೈ ಕೊರಳ ಲಿಂಗಕ್ಕೆ ಹೋಯಿತು. ಆಗ ಹೊಳೆಯಿತು.

"ನಂದಿನ್ನೂ ಲಿಂಗಪೂಜೆ ಆಗಿಲ್ಲ. ಮಾಲತೇಶಪ್ಪ, ನೀನು ಹೊರಗಿರು. ಮೇಡಂ, ನೀವು ಕೂಡ್ರಿ. ಕೈ ನಡುಗ್ತೈತೆ, ನೀರು ಹಾಕಾಕೆ ಒಬ್ರು ಬೇಕು."

ಬೇರೆ ದಿನ ಪೂಜೆಗೂ ಬೈಯುವವನೇ. ಆದರೆ ಅಧಿಕಾರಿಯ ಎದುರು, ಅಷ್ಟು ವಿಭೂತಿ ಬಳಿದುಕೊಂಡು, ಪೂಜೆಗೆ ಅಡ್ಡ ಬರುವುದು ಹೇಗೆ? ಹಲ್ಲು ಕಚ್ಚಿಕೊಂಡು ಬಾಗಿಲು ಎಳೆದುಕೊಂಡು ಹೋದ. ಆ ಬಾಗಿಲಿಗೆ ಒಳಗೆ ಚಿಲಕವಿರಲಿಲ್ಲ.

ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ದಿಂಬಿನ ಪಕ್ಕದ ಗಂಟೆ ಬಾರಿಸತೊಡಗಿದೆ. ಮಾತು ಹೊರಗೆ ಕೇಳಬಾರದಲ್ಲ.

"ಹೇಳಿದ್ರೆ ನನ್ನ ಮಗನ್ನ ಹಿಡೀತೀರಾ?"

"ಮಗನ್ನ ಯಾಕೆ? ನೋಡ್ಕೊಳ್ಳಾಕೆ ಒಪ್ಕೊಂಡೋರು ಹಿಂಸೆ ಕೊಟ್ರೆ ಕೇಸು ಅವರ ಮೇಲೆ. ಕಾನೂನು ಇರೋದು ನಿಮ್ಮನ್ನ ಕಾಯಾಕೆ. ಹೇಳ್ರಿ."

ಗದ್ದದಿಂದಲೇ ಅಜ್ಜಮ್ಮನ ಕಂಬಳಿ ತೋರಿಸಿದೆ. ಅವರು ಸರಿಸಿದರು. ಮುಂಗೈ ಸುಲಿದು ಹರಕು ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಮೇಘಶ್ರೀ ಫೋಟೋ ತೆಗೆದು, ಆಂಬುಲೆನ್ಸಿಗೂ ಪೊಲೀಸರಿಗೂ ಪಿಸುದನಿಯಲ್ಲಿ ಫೋನ್ ಮಾಡಿದರು. ಗಂಟು ಬಿಚ್ಚುತ್ತ, "ಅವರು ಬರೋವರೆಗೆ ನಾನು ಇಲ್ಲಿಂದ ಏಳಲ್ಲ. ಗಂಟೆ ನಿಲ್ಲಿಸಬ್ಯಾಡ್ರಿ" ಎಂದರು.

ಬಾಗಿಲ ಮೇಲೆ ಬಡಿತ ಕೇಳಿತು. "ಅಮ್ಮಾ, ಇನ್ನೂ ಮುಗೀಲಿಲ್ವಾ?"

ಅಜ್ಜಮ್ಮ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅಂಗೈಯಲ್ಲಿ ಲಿಂಗ ಹಿಡಿದು ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ. ಆಗಲೂ ಹೇಳಲಿಲ್ಲ.

"ಈಗಷ್ಟೇ ಶುರು ಮಾಡೀನಪ್ಪ" ಎಂದು ಕೂಗಿ ಹೇಳಿದೆ. ಸೋತ ಕೈಯಿಂದ ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದೆ.